ಫಲಕದಲ್ಲಿ ಇಲ್ಲದ ಹೆಸರು: ಹಡ್ಸನ್ ಚರ್ಚು ಮತ್ತು ಮೆಥಡಿಸ್ಟರು

ಓದುಗರ ಪ್ರಶ್ನೆ – ನಮ್ಮ ಉತ್ತರ

ಬೆಂಗಳೂರಿನ ಕಾರ್ಪೊರೇಷನ್ ಕಚೇರಿಯ ಬಳಿ ಇರುವ ಹಡ್ಸನ್ ಚರ್ಚನ್ನು ನಮ್ಮ ತಾತ ಕೊನೆಯವರೆಗೂ ‘ಮೆಥಡಿಸ್ಟ್ ಚರ್ಚು’ ಎಂದೇ ಕರೆಯುತ್ತಿದ್ದರು. ಫಲಕದಲ್ಲಿ ಸಿ.ಎಸ್.ಐ. ಎಂದಿದೆ. ಯಾವುದು ಸರಿ? ಹಡ್ಸನ್ ಎಂದರೆ ಯಾರು? ಮೆಥಡಿಸ್ಟ್ ಎಂದರೆ ಏನು?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ತಾತನವರೂ ಸರಿ, ಫಲಕವೂ ಸರಿ. ಆ ಕಲ್ಲಿನ ಕಟ್ಟಡ ಎದ್ದದ್ದು 1904ರಲ್ಲಿ. ಆಗ ಅದು ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿಗೆ ಸೇರಿತ್ತು. ಪೇಟೆಯಲ್ಲಿ ಕನ್ನಡ ಶಾಲೆಗಳನ್ನು ತೆರೆದು ನಡೆಸಿದ ಜೋಸೈಯಾ ಹಡ್ಸನ್ ಎಂಬ ಪಾದ್ರಿಯ ನೆನಪಿಗೆ ಅದನ್ನು ಕಟ್ಟಿದರು. ಶಾಲೆಯ ಮೇಷ್ಟ್ರ ಹೆಸರಿನಲ್ಲಿ ದೇವಾಲಯ ಕಟ್ಟಿದರೆಂಬುದನ್ನು ಗಮನದಲ್ಲಿಟ್ಟುಕೊಳ್ಳಿ. ಈ ಪಂಥದವರ ಸ್ವಭಾವ ಅದರಲ್ಲೇ ಇದೆ. 1947ರ ಸೆಪ್ಟೆಂಬರ್ 27ರಂದು, ಎಂದರೆ ದೇಶ ಸ್ವತಂತ್ರವಾದ ಆರು ವಾರಗಳಿಗೆ, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆಂಗ್ಲಿಕನ್ನರು (ಚರ್ಚ್ ಆಫ್ ಇಂಗ್ಲೆಂಡಿನವರು), ಬ್ರಿಟಿಷ್ ಮೂಲದ ಮೆಥಡಿಸ್ಟರು ಮತ್ತು ಅದಕ್ಕೂ ಮೊದಲೇ ಒಂದಾಗಿದ್ದ ಕಾಂಗ್ರಿಗೇಷನಲ್ ಹಾಗೂ ಪ್ರೆಸ್ಬಿಟೀರಿಯನ್ ಸಭೆಗಳು ಕೂಡಿಕೊಂಡು ದಕ್ಷಿಣ ಭಾರತ ಸಭೆ, ಎಂದರೆ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.), ಹುಟ್ಟಿತು. ಅಂದಿನಿಂದ ಹಡ್ಸನ್ ಚರ್ಚು ಸಿ.ಎಸ್.ಐ. ಆಯಿತು. ಬಾಲ್ಯದಲ್ಲಿ ಬಾಯಿಗೆ ಬಂದ ಹೆಸರನ್ನು ತಾತನವರು ಬಿಡಲಿಲ್ಲ, ಅಷ್ಟೇ.

ಕಟ್ಟಡ ನಿಂತಿರುವ ಜಾಗವೂ ಒಂದು ವಿಷಯ ಹೇಳುತ್ತದೆ. ಬೆಂಗಳೂರು ಆಗ ಎರಡು ಊರಾಗಿತ್ತು: ಕನ್ನಡ ಮಾತಾಡುವ ಪೇಟೆ ಒಂದು ಕಡೆ, ಇಂಗ್ಲಿಷ್ ಮತ್ತು ತಮಿಳಿನ ದಂಡು (ಕಂಟೋನ್ಮೆಂಟ್) ಇನ್ನೊಂದು ಕಡೆ. ವೆಸ್ಲಿಯನ್ನರ ಇಂಗ್ಲಿಷ್ ಆರಾಧನೆಗೆಂದು ದಂಡಿನಲ್ಲಿ ಈಸ್ಟ್ ಪರೇಡ್ ಚರ್ಚು 1860ರ ದಶಕದಲ್ಲೇ ಎದ್ದಿತ್ತು. ಈಗಿನ ಮಹಾತ್ಮ ಗಾಂಧಿ ರಸ್ತೆಯ ಕಡೆಗೆ ಹೋದವರು ಅದನ್ನು ನೋಡಿರುತ್ತಾರೆ. ಹಡ್ಸನ್ ಚರ್ಚು ಪೇಟೆಯ ಅಂಚಿನಲ್ಲಿ ನಿಂತ ಕನ್ನಡದ ಚರ್ಚು. ಚೂಪು ಕಮಾನು, ಬಣ್ಣದ ಗಾಜು ಎಲ್ಲವೂ ವಿಲಾಯಿತಿಯವೇ ಆದರೂ ಒಳಗಿನ ಪ್ರಾರ್ಥನೆ, ಪ್ರಸಂಗ, ಹಾಡು ಕನ್ನಡದವು. ನವೆಂಬರಿನಲ್ಲಿ ಚರ್ಚಿನ ಬಳಿಯ ವೃತ್ತದ ಸುತ್ತ ಕನ್ನಡ ಬಾವುಟ ಹಾರಿಸುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ ಕಾಣೆ.

ಈ ಮಿಷನ್ನಿನವರು ಬೆಂಗಳೂರಿಗೆ ಕಾಲಿಟ್ಟದ್ದು 1821ರಲ್ಲಿ. ಎಲೈಜಾ ಹೂಲ್ ಮತ್ತು ಜೇಮ್ಸ್ ಮೌವಟ್ ಎಂಬ ಇಬ್ಬರು ಯುವಕರು. ಅವರು ಬರುತ್ತಿದ್ದ ‘ತಂಜಾವೂರ್’ ಎಂಬ ಹೆಸರಿನ ಹಡಗು 1820ರಲ್ಲಿ ಸಿಡಿಲು ಬಡಿದು ಸಮುದ್ರದಲ್ಲೇ ಹೊತ್ತಿ ಉರಿಯಿತು; ಪ್ರಾಣ ಉಳಿಯಿತು, ಜೊತೆಗೆ ತಂದಿದ್ದ ಪುಸ್ತಕಗಳು ಹೋದವು. ಮೊದಮೊದಲು ಅವರ ಕೆಲಸವೆಲ್ಲ ದಂಡಿನ ಗೋರಾ ಸಿಪಾಯಿಗಳ ಮತ್ತು ತಮಿಳರ ನಡುವೆಯೇ. ಕನ್ನಡಕ್ಕೆ ಬಂದದ್ದು 1830ರ ದಶಕದಲ್ಲಿ, ಥಾಮಸ್ ಹಾಡ್ಸನ್ ಎಂಬವರಿಂದ. ಅವರು ಪೇಟೆಯಲ್ಲಿ ಕನ್ನಡದಲ್ಲಿ ಉಪದೇಶ ಆರಂಭಿಸಿ, ಆಮೇಲೆ ಗುಬ್ಬಿಗೆ ಹೋಗಿ ನೆಲೆಸಿದರು. ಹಾಡ್ಸನ್ ಬೇರೆ, ಹಡ್ಸನ್ ಬೇರೆ. ಇಬ್ಬರನ್ನೂ ಒಬ್ಬರೆಂದು ಬರೆದಿರುವ ಲೇಖನಗಳು ನಮಗೇ ಅಂಚೆಯಲ್ಲಿ ಬಂದಿವೆ.

ಇನ್ನು ಮೆಥಡಿಸ್ಟ್ ಎಂಬ ಮಾತು. ಅದು ಅವರು ತಾವಾಗಿ ಇಟ್ಟುಕೊಂಡ ಹೆಸರಲ್ಲ, ಹೀಯಾಳಿಸಿ ಇಟ್ಟ ಅಡ್ಡಹೆಸರು. 1730ರ ಸುಮಾರಿನಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಎಂಬ ಅಣ್ಣತಮ್ಮಂದಿರು ಗೆಳೆಯರೊಂದಿಗೆ ಗಂಟೆ ಹಿಡಿದು ಪ್ರಾರ್ಥನೆ, ಗಂಟೆ ಹಿಡಿದು ಓದು, ವಾರವಾರವೂ ಸೆರೆಮನೆಗೆ ಹೋಗಿ ಕೈದಿಗಳ ಭೇಟಿ, ಹೀಗೆ ನೇಮ ಹಾಕಿಕೊಂಡು ನಡೆಯುತ್ತಿದ್ದರು. ಉಳಿದ ವಿದ್ಯಾರ್ಥಿಗಳು ‘ನೋಡಪ್ಪ, ನೇಮದವರು ಬಂದರು’ ಎಂಬ ಧಾಟಿಯಲ್ಲಿ ಅವರನ್ನು ಮೆಥಡಿಸ್ಟರೆಂದು ನಕ್ಕರು. ಜಾನ್ ವೆಸ್ಲಿ 1791ರಲ್ಲಿ ತೀರಿಕೊಳ್ಳುವವರೆಗೂ ಆಂಗ್ಲಿಕನ್ ಪಾದ್ರಿಯಾಗಿಯೇ ಉಳಿದರು. ಬೇರೆ ಪಂಥ ಕಟ್ಟುವ ಇಚ್ಛೆ ಅವರಿಗಿರಲಿಲ್ಲ. ಆದರೆ ಅವರು ಮಾಡಿದ ಒಂದು ಏರ್ಪಾಟು ಪಂಥವನ್ನೇ ಕಟ್ಟಿಬಿಟ್ಟಿತು. 1742ರಲ್ಲಿ ಬ್ರಿಸ್ಟಲ್ ಊರಿನ ಪ್ರಾರ್ಥನಾ ಮಂದಿರದ ಮೇಲೆ ಸಾಲ ಉಳಿದಿತ್ತು. ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿ, ಗುಂಪಿಗೊಬ್ಬ ಮುಖಂಡನನ್ನು ನೇಮಿಸಿ, ಅವನು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತಲೆಗೊಂದು ಪೆನ್ನಿ ವಸೂಲು ಮಾಡತಕ್ಕದ್ದು ಎಂದು ಗೊತ್ತುಮಾಡಿದರು. ಹಣಕ್ಕೆಂದು ಹೋದ ಮುಖಂಡನಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕೆಲಸವಿಲ್ಲ, ಯಾರು ಮತ್ತೆ ಕುಡಿತಕ್ಕೆ ಬಿದ್ದಿದ್ದಾರೆ ಎಂಬುದೆಲ್ಲ ತಿಳಿಯತೊಡಗಿತು. ಸಾಲ ವಸೂಲಿಗೆ ಹುಟ್ಟಿದ ಗುಂಪು ಹೀಗೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಗುಂಪಾಯಿತು. ಅದರ ಮುಖಂಡ ಪಾದ್ರಿಯಾಗಿರಬೇಕಿಲ್ಲ. ಚಮ್ಮಾರನೂ ಆಗಬಹುದಿತ್ತು, ಹೆಂಗಸೂ ಆಗಬಹುದಿತ್ತು. ಇದನ್ನೇ ಕ್ಲಾಸ್ ಮೀಟಿಂಗ್ ಎಂದರು.

ನಮ್ಮೂರಿನ ಇ.ಟಿ.ಸಿ.ಎಂ. ಆಸ್ಪತ್ರೆ ಇಂದಿಗೂ ಮೆಥಡಿಸ್ಟರದು. ಮೈಸೂರಿನ ಮಿಷನ್ ಆಸ್ಪತ್ರೆಯನ್ನೂ ಮೆಥಡಿಸ್ಟರೇ ಕಟ್ಟಿದರೆಂದು ಓದಿದ್ದೇನೆ, ಆದರೆ ಅದು ಸಿ.ಎಸ್.ಐ. ಒಂದೇ ಮನೆಯವರು ಹೀಗೆ ಎರಡಾದದ್ದು ಏಕೆ?
— ಓದುಗರೊಬ್ಬರು, ಕೋಲಾರ

ಮೂಲ ಒಂದೇ, ಕವಲು ಎರಡು. ಮೈಸೂರು, ತುಮಕೂರು, ಹಾಸನದ ಕಡೆ ಕೆಲಸ ಮಾಡಿದವರು ಬ್ರಿಟನ್ನಿನ ವೆಸ್ಲಿಯನ್ನರು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಎಂದರೆ ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಲ್ಲಿ ಅವರು ತೆರೆದದ್ದು. ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಪಾದ್ರಿಪತ್ನಿಯ ನೆನಪಿನದು. ಕೋಲಾರಕ್ಕೆ ಬಂದವರು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯವರು. ವಿಲಿಯಂ ಟೇಲರ್ ಎಂಬ ಅಮೆರಿಕನ್ ಪ್ರಚಾರಕರು 1870ರ ದಶಕದಲ್ಲಿ ಮುಂಬಯಿ, ಕಲ್ಕತ್ತ, ಮದರಾಸು, ಬೆಂಗಳೂರು ಸುತ್ತಿ ಈ ಸಭೆಗಳನ್ನು ಕಟ್ಟಿದರು. ವಿದೇಶದ ಹಣವನ್ನು ನೆಚ್ಚದೆ ಸ್ಥಳೀಯರ ಕಾಣಿಕೆಯಲ್ಲೇ ಸಭೆ ನಡೆಯಬೇಕೆಂಬುದು ಟೇಲರರ ಹಟ. ಆ ಹಟ ಬಹಳ ಕಾಲ ನಿಲ್ಲಲಿಲ್ಲ: ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು 1880ರಲ್ಲಿ ಆರಂಭವಾದವು, ಅವುಗಳ ಹೆಸರೇ ಒಹಾಯೋದ ದಾನಿ ಜಾನ್ ಬಾಲ್ಡ್‌ವಿನ್ನರದು.

ಒಂದೇ ಊರಿನಲ್ಲಿ ಮೂರು ಮಿಷನ್ನುಗಳು ಜಗಳವಾಡಬಾರದೆಂದು ಪ್ರಾಟೆಸ್ಟೆಂಟರು ಸೀಮೆಗಳನ್ನು ಹಂಚಿಕೊಂಡಿದ್ದರು. ಕರಾವಳಿ ಮತ್ತು ಧಾರವಾಡದ ಕಡೆ ಬಾಸೆಲ್ ಮಿಷನ್, ಬಳ್ಳಾರಿಯಲ್ಲಿ ಲಂಡನ್ ಮಿಷನ್, ಹಳೆ ಮೈಸೂರಿನ ಬಹುಭಾಗದಲ್ಲಿ ವೆಸ್ಲಿಯನ್ನರು, ಕೋಲಾರ ಮತ್ತು ಆಗ ನಿಜಾಮನ ಆಳ್ವಿಕೆಯಲ್ಲಿದ್ದ ಬೀದರಿನಲ್ಲಿ ಅಮೆರಿಕನ್ ಮೆಥಡಿಸ್ಟರು. ಹೊಲದ ಬದು ಬದಲಾದಂತೆ ಇವೂ ಬದಲಾಗುತ್ತಿದ್ದವು: 1820ರಲ್ಲಿ ಲಂಡನ್ ಮಿಷನ್ ಆರಂಭಿಸಿದ ಬೆಳಗಾವಿಯ ಕೆಲಸ 1904ರಲ್ಲಿ ಅಮೆರಿಕನ್ ಮೆಥಡಿಸ್ಟರ ಕೈಗೆ ಬಂತು. ಅಲ್ಲಿನ ಬೆನನ್ ಸ್ಮಿತ್ ಪ್ರೌಢಶಾಲೆಯ ಜೋಡಿ ಹೆಸರಿನಲ್ಲಿ ಆ ಎರಡೂ ಮಿಷನ್ನುಗಳ ನೆನಪಿದೆ.

ಸಿ.ಎಸ್.ಐ.ಗೆ ದಾರಿಮಾಡಿದ ಐಕ್ಯದ ಮಾತುಕತೆ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾಯಿತು, ವೆಸ್ಲಿಯನ್ನರು 1925ರಲ್ಲಿ ಅದಕ್ಕೆ ಸೇರಿದರು. ಅಮೆರಿಕನ್ ಮೂಲದವರು ಸೇರಲಿಲ್ಲ. 1970ರಲ್ಲಿ ಉತ್ತರ ಭಾರತ ಸಭೆ ರಚನೆಯಾದಾಗ ಸೇರುತ್ತೇವೆಂದು ಬಹುದೂರ ಬಂದು ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. 1981ರಲ್ಲಿ ಅವರದು ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವಾಯತ್ತ ಸಭೆಯಾಯಿತು. ಆದ್ದರಿಂದ ನಿಮ್ಮೂರ ಫಲಕದಲ್ಲಿ ಮೆಥಡಿಸ್ಟ್ ಉಳಿಯಿತು, ಮೈಸೂರಿನದರಲ್ಲಿ ಹೋಯಿತು.

ಕನ್ನಡ ನಿಘಂಟು ಮಾಡಿದ ಕಿಟ್ಟೆಲರು ಮೆಥಡಿಸ್ಟರೇ? ಮೈಸೂರಿನ ವೆಸ್ಲಿ ಪ್ರೆಸ್ಸಿಗೂ ಕನ್ನಡ ಸಾಹಿತ್ಯಕ್ಕೂ ಏನು ನಂಟು?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಕಿಟ್ಟೆಲರು ಬಾಸೆಲ್ ಮಿಷನ್ನಿನವರು, ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆದರೆ ಅದಕ್ಕೂ ಮೂವತ್ತಾರು ವರ್ಷ ಮೊದಲು, 1858ರಲ್ಲಿ, ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಿಂದ ಒಂದು ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತ್ತು. ಲಂಡನ್ ಮಿಷನ್ನಿನ ವಿಲಿಯಂ ರೀವ್ ಮಾಡಿದ್ದ ಹಳೆಯ ಕೋಶವನ್ನು ಡೇನಿಯಲ್ ಸ್ಯಾಂಡರ್ಸನ್ ಎಂಬ ವೆಸ್ಲಿಯನ್ ಪಾದ್ರಿ ತಿದ್ದಿ ಹಿಗ್ಗಿಸಿದ ಪುಸ್ತಕವದು. ಕಿಟ್ಟೆಲರ ನೆರಳಿನಲ್ಲಿ ಸ್ಯಾಂಡರ್ಸನ್ ಹೆಸರು ಮರೆಯಾದದ್ದು ಸಹಜವಾದರೂ ನ್ಯಾಯವಲ್ಲ.

ಅದೇ ಅಚ್ಚುಕೂಟದಿಂದ 1840ರ ದಶಕದ ಕೊನೆಗೆ ಇನ್ನೊಂದು ಪುಸ್ತಕ ಬಂತು. ಅದನ್ನು ನಂಬಲು ಕೆಲವು ಓದುಗರಿಗೆ ಕಷ್ಟವಾದೀತು: ಭಗವದ್ಗೀತೆ. ಸಂಸ್ಕೃತ ಮೂಲ, ಹೊಸದಾಗಿ ಮಾಡಿಸಿದ ಕನ್ನಡ ಅನುವಾದ, ಚಾರ್ಲ್ಸ್ ವಿಲ್ಕಿನ್ಸರ ಇಂಗ್ಲಿಷ್, ಮೂರನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಜೋಡಿಸಿ ಅಚ್ಚು ಹಾಕಿದವರು ಜಾನ್ ಗ್ಯಾರೆಟ್ ಎಂಬ ವೆಸ್ಲಿಯನ್ ಪಾದ್ರಿ. ಇದನ್ನು ಉದಾರತೆ ಎನ್ನುವವರಿದ್ದಾರೆ, ಎದುರಾಳಿಯ ಗ್ರಂಥವನ್ನು ಅರಿತುಕೊಳ್ಳುವ ಜಾಣತನ ಎನ್ನುವವರೂ ಇದ್ದಾರೆ. ನನಗೆ ತೋರುವಂತೆ ಎರಡೂ ಇದ್ದವು; ಮೂರು ಅಂಕಣಗಳಲ್ಲಿ ಅಚ್ಚಿನ ಮೊಳೆ ಜೋಡಿಸಿ ಕೂರಿಸುವ ತಾಳ್ಮೆ ಬರೀ ಎದುರಾಳಿತನದಿಂದ ಬರುವಂಥದಲ್ಲ. ಇದೇ ಗ್ಯಾರೆಟ್ 1858ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು, ಆ ಶಾಲೆ ಬೆಳೆದು ಸೆಂಟ್ರಲ್ ಕಾಲೇಜಾಯಿತು. ಅವರು ಮುಂದೆ ಮೈಸೂರು ಸೀಮೆಯ ವಿದ್ಯಾ ಇಲಾಖೆಯ ನಿರ್ದೇಶಕರೂ ಆದರು. ಸೆಂಟ್ರಲ್ ಕಾಲೇಜಿನಿಂದ ಹೊರಬಂದ ಕನ್ನಡದ ಹಿರಿಯರ ಪಟ್ಟಿಯನ್ನು ಮೈಸೂರಿನ ಓದುಗರಿಗೆ ಹೇಳಬೇಕಾಗಿಲ್ಲ.

ಮೈಸೂರಿನ ವೆಸ್ಲಿ ಪ್ರೆಸ್ 1890ರ ಆಸುಪಾಸಿನದು. ಅದರ ಹಿಂದಿದ್ದ ಹೆನ್ರಿ ಹೇಗ್ ಅವರು 1887ರಲ್ಲೇ ‘ವೃತ್ತಾಂತ ಪತ್ರಿಕೆ’ ಎಂಬ ವಾರಪತ್ರಿಕೆ ಆರಂಭಿಸಿದ್ದರು. ಪತ್ರಿಕೆ ಮಿಷನ್ನಿನದೇ ಆದರೂ ಅದರಲ್ಲಿ ಬರೀ ಸುವಾರ್ತೆ ಇರುತ್ತಿರಲಿಲ್ಲ. ಸುದ್ದಿ ಓದಲೆಂದೇ ಅದನ್ನು ತರಿಸಿಕೊಳ್ಳುವವರಿದ್ದರು. ನನ್ನ ಲೆಕ್ಕದಲ್ಲಿ ಈ ಮಿಷನ್ ಕನ್ನಡ ನಾಡಿಗೆ ಬಿಟ್ಟುಹೋದದ್ದರಲ್ಲಿ ದೊಡ್ಡದು ಗೋಪುರಗಳಲ್ಲ, ಕಂಪೋಸಿಟರುಗಳು. ಮೊಳೆಯ ಖಾನೆಯ ಮುಂದೆ ನಿಂತು ಒತ್ತಕ್ಷರವನ್ನು ಚಿಮಟದಿಂದೆತ್ತಿ ಕೂರಿಸಲು ಕಲಿತ ಹುಡುಗರು, ಮಿಷನ್ ಬಿಟ್ಟ ಮೇಲೆ ಬೇರೆ ಅಚ್ಚುಕೂಟಗಳಿಗೆ ಹೋಗಿ ಅಲ್ಲಿ ಬೇರೆಯವರಿಗೆ ಕಲಿಸಿದರು. ಅವರ ಹೆಸರು ಯಾವ ಪುಸ್ತಕದ ಮುಖಪುಟದಲ್ಲೂ ಇಲ್ಲ.

ಬರಗಾಲದಲ್ಲಿ ಅನ್ನ ಕೊಟ್ಟು ಮಕ್ಕಳನ್ನು ಕ್ರೈಸ್ತರನ್ನಾಗಿ ಮಾಡಿದರೆಂಬುದು ನಿಜವೇ? ಮುಜುಗರವಿಲ್ಲದೆ ಉತ್ತರಿಸಿ.
— ಓದುಗರೊಬ್ಬರು, ತುಮಕೂರು

ನೀವು ಕೇಳುತ್ತಿರುವುದು ಧಾತು, ಈಶ್ವರ ಸಂವತ್ಸರಗಳ ಬರವನ್ನು ಕುರಿತು, ಎಂದರೆ 1876ರಿಂದ 1878ರವರೆಗಿನದು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇದೊಂದೇ ಲೆಕ್ಕ ಆ ಕಾಲ ಎಂಥದೆಂದು ಹೇಳುತ್ತದೆ. ತಂದೆತಾಯಿ ಸತ್ತ ಮಕ್ಕಳು ರಸ್ತೆಯ ಬದಿಯಲ್ಲಿ ಸಿಗುತ್ತಿದ್ದರು. ವೆಸ್ಲಿಯನ್ನರು ನಿಮ್ಮ ತುಮಕೂರಿನಲ್ಲಿ ಹುಡುಗರಿಗೆ, ಹಾಸನದಲ್ಲಿ ಹುಡುಗಿಯರಿಗೆ ಅನಾಥಾಲಯ ತೆರೆದರು. ಕೋಲಾರದಲ್ಲಿ ಲೂಯಿಸಾ ಆನ್ಸ್ಟೆ ಎಂಬ ಒಂಟಿ ಹೆಂಗಸು ಇದೇ ಕೆಲಸಕ್ಕೆ ಕೈಹಾಕಿ, ಬೆಳೆದ ಮಕ್ಕಳಿಗೆ ಮದುವೆ ಮಾಡಿಸಿ, ಭೂಮಿ ಕೊಂಡು ಒಕ್ಕಲು ಕೂರಿಸಿ, 1890ರಲ್ಲಿ ಎಲ್ಲವನ್ನೂ ಅಮೆರಿಕನ್ ಮೆಥಡಿಸ್ಟರಿಗೆ ಒಪ್ಪಿಸಿದರು. ನಿಮ್ಮ ಜಿಲ್ಲೆಯ ಮತ್ತು ಕೋಲಾರದ ಹಳೆಯ ಕ್ರೈಸ್ತ ಮನೆತನಗಳಲ್ಲಿ ಹಲವು ಈ ಮಕ್ಕಳ ಸಂತತಿಯೇ.

ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು, ಅದು ನಿಜ. ಐದು ವರ್ಷದ ಮಗು ತನ್ನ ಮತವನ್ನು ತಾನೇ ಆರಿಸಿಕೊಂಡಿತೆಂದು ಯಾರೂ ಹೇಳಲಾರರು. ಮಿಷನ್ನಿನವರೂ ಇದನ್ನು ಅಡಗಿಸಿಡಲಿಲ್ಲ, ಅವರ ವರದಿಗಳಲ್ಲಿ ಅದು ಹೆಮ್ಮೆಯ ವಿಷಯವೇ ಆಗಿತ್ತು. ಆದರೆ ಆ ಮಗುವಿನ ಮುಂದೆ ಆ ದಿನ ಇದ್ದ ಇನ್ನೊಂದು ದಾರಿ ಯಾವುದೆಂಬುದನ್ನೂ ಕೇಳಿಕೊಳ್ಳಬೇಕು. ಮಗುವಿನ ಜಾತಿ ತಿಳಿಯದ ಕಡೆ ಅದನ್ನು ಮನೆಯೊಳಗೆ ಕರೆದುಕೊಳ್ಳುವವರು ಎಷ್ಟು ಮಂದಿ ಇದ್ದರು? ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳದವರ ಉತ್ತರವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಪೇಟೆಯ ಮೇಲ್ಜಾತಿಗಳವರು ಮಿಷನ್ ಶಾಲೆಗಳಿಗೆ ಮಕ್ಕಳನ್ನು ಧಾರಾಳವಾಗಿ ಕಳಿಸಿದರು, ಇಂಗ್ಲಿಷ್ ಕಲಿಸಿಕೊಂಡರು, ಕ್ರೈಸ್ತರಾಗುವ ದೀಕ್ಷಾಸ್ನಾನಕ್ಕೆ ಮಾತ್ರ ಬರಲಿಲ್ಲ, ಬಂದವರು ಬೆರಳೆಣಿಕೆಯಷ್ಟು. ಸಭೆ ಬೆಳೆದದ್ದು ಅನಾಥಾಲಯಗಳಿಂದ ಮತ್ತು ದಲಿತ ಕೇರಿಗಳಿಂದ. ಬೀದರಿನ ಕಡೆ ಮಾದಿಗ ಸಮುದಾಯದವರು ಊರೂರೇ ಸೇರಿದ್ದರಿಂದ ಅಲ್ಲಿನ ಮೆಥಡಿಸ್ಟ್ ಸಭೆಗಳು ಇಂದಿಗೂ ಹಳ್ಳಿಯ ಸಭೆಗಳು. 1950ರ ರಾಷ್ಟ್ರಪತಿ ಆದೇಶದ ಕಾರಣ ಕ್ರೈಸ್ತರಾದ ಅವರಿಗೆ ಪರಿಶಿಷ್ಟ ಜಾತಿಯ ಸ್ಥಾನ ದೊರೆಯುವುದಿಲ್ಲ ಎಂಬುದರಿಂದ, ಆಮಿಷಕ್ಕೆ ಮತ ಬಿಟ್ಟರೆಂಬ ಮಾತು ಈ ಕಾಲಕ್ಕಂತೂ ಹೊಂದುವುದಿಲ್ಲ. ಇಡೀ ಕರ್ನಾಟಕದಲ್ಲಿ, ಕೆಥೊಲಿಕರನ್ನೂ ಸೇರಿಸಿ, ಕ್ರೈಸ್ತರು 2011ರ ಗಣತಿಯಂತೆ ಶೇಕಡ 1.87 ಮಾತ್ರ.

ನಮ್ಮ ನೆರೆಮನೆಯವರು ಸಿ.ಎಸ್.ಐ. ಸಭೆಯವರು. ಡಿಸೆಂಬರ್ 31ರ ನಡುರಾತ್ರಿ ಚರ್ಚಿನಲ್ಲಿರುತ್ತಾರೆ. ಸುಗ್ಗಿಯ ಹಬ್ಬಕ್ಕೆ ಕುಂಬಳಕಾಯಿ ಹೊತ್ತುಕೊಂಡು ಹೋಗುತ್ತಾರೆ. ಇವು ಮೆಥಡಿಸ್ಟ್ ಪದ್ಧತಿಗಳೇ?
— ಓದುಗರೊಬ್ಬರು, ಹಾಸನ

ಮೊದಲನೆಯದಕ್ಕೆ ಮೆಥಡಿಸ್ಟ್ ಬೇರು ಇದೆ. ರಾತ್ರಿ ಎಚ್ಚರವಿದ್ದು ಪ್ರಾರ್ಥಿಸುವ ಕೂಟವನ್ನು ವೆಸ್ಲಿ 1740ರ ದಶಕದಲ್ಲಿ ಬ್ರಿಸ್ಟಲಿನ ಬಳಿಯ ಕಲ್ಲಿದ್ದಲು ಗಣಿಯವರ ನಡುವೆ ನಡೆಸಿದರು. ಸಂಬಳದ ರಾತ್ರಿ ಹೆಂಡದಂಗಡಿಗೆ ಹೋಗುತ್ತಿದ್ದವರು ಅದರ ಬದಲು ಹಾಡಲು ಬಂದರು. ಅದು ಆಮೇಲೆ ವರ್ಷದ ಕೊನೆಯ ರಾತ್ರಿಗೆ ನಿಂತಿತು. ಹೊಸ ವರ್ಷದ ಆರಂಭದಲ್ಲಿ ದೇವರಿಗೆ ತಮ್ಮನ್ನು ಮತ್ತೆ ಒಪ್ಪಿಸಿಕೊಳ್ಳುವ ಒಡಂಬಡಿಕೆಯ ಆರಾಧನೆಯೂ ವೆಸ್ಲಿಯ ಬಳುವಳಿಯೇ, 1755ರದು, ಸಿ.ಎಸ್.ಐ. ತನ್ನ ಆರಾಧನಾ ಪುಸ್ತಕದಲ್ಲಿ ಅದನ್ನು ಉಳಿಸಿಕೊಂಡಿದೆ. ಫಲಕದಿಂದ ಹೋದ ಹೆಸರು ಪ್ರಾರ್ಥನೆಯಲ್ಲಿ ಹೀಗೆ ಉಳಿದಿದೆ.

ಸುಗ್ಗಿಯ ಆರಾಧನೆ ಎಲ್ಲ ಪ್ರಾಟೆಸ್ಟೆಂಟರಲ್ಲೂ ಇದೆ, ನಮ್ಮ ನೆಲಕ್ಕೆ ಅದು ಹೇಳಿ ಮಾಡಿಸಿದಂತೆ ಹೊಂದಿಕೊಂಡಿತು. ಒಮ್ಮೆ ಹಾಸನದ ಕಡೆಯ ಒಂದು ಸಣ್ಣ ಸಭೆಯಲ್ಲಿ ನಾನು ಕಂಡದ್ದು ಹೀಗಿತ್ತು. ವೇದಿಕೆಯ ಮೆಟ್ಟಿಲ ಮೇಲೆ ರಾಗಿಯ ತೆನೆ, ಬಾಳೆಗೊನೆ, ಕಬ್ಬು, ಕಾಲು ಕಟ್ಟಿದ ಎರಡು ನಾಟಿ ಕೋಳಿ. ಆರಾಧನೆ ಮುಗಿದ ಮೇಲೆ ಹೊರಗೆ ಮರದ ಕೆಳಗೆ ಹರಾಜು. ಒಂದು ಕುಂಬಳಕಾಯಿಯನ್ನು ಕೂಗಿದರು, ಒಬ್ಬರು ದೊಡ್ಡ ಬೆಲೆಗೆ ಹಿಡಿದು ಹಣ ಕೊಟ್ಟು, ಕಾಯಿಯನ್ನು ಮತ್ತೆ ಮೇಜಿನ ಮೇಲಿಟ್ಟರು. ಇನ್ನೊಬ್ಬರು ಕೊಂಡರು, ಅವರೂ ಇಟ್ಟರು. ನಾಲ್ಕು ಸಲ ಮಾರಾಟವಾದ ಆ ಕಾಯಿ ಕೊನೆಗೆ ಸಭಾಪಾಲಕರ ಮನೆಯ ಅಡಿಗೆಗೆ ಹೋಯಿತು. ಕೋಳಿಗಳು ಮಾತ್ರ ಒಂದೇ ಸಲಕ್ಕೆ ಹೋದವು.

ನನ್ನ ಮುತ್ತಜ್ಜಿ ಹಳೆ ಮೈಸೂರಿನ ವೆಸ್ಲಿಯನ್ ಅನಾಥಾಲಯವೊಂದರಲ್ಲಿ ಬೆಳೆದವರೆಂದು ಮನೆಯಲ್ಲಿ ಹೇಳುತ್ತಾರೆ. ಅವರ ದಾಖಲೆ ಹುಡುಕುವುದು ಎಲ್ಲಿ?
— ಓದುಗರೊಬ್ಬರು, ಮೆಲ್ಬರ್ನ್, ಆಸ್ಟ್ರೇಲಿಯಾ

ಮೊದಲು ಆ ಊರಿನ ಸಿ.ಎಸ್.ಐ. ಸಭೆಯ ದೀಕ್ಷಾಸ್ನಾನ ಮತ್ತು ಮದುವೆಯ ರಿಜಿಸ್ಟರುಗಳನ್ನು ಕೇಳಿ. ಬೆಂಗಳೂರಿನಲ್ಲಿ ವೆಸ್ಲಿಯನ್ನರೂ ಸೇರಿ ಹಲವು ಮಿಷನ್ನುಗಳು 1910ರಲ್ಲಿ ಕೂಡಿ ಆರಂಭಿಸಿದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲಿ ಹಳೆಯ ಮಿಷನ್ ಕಾಗದಗಳಿವೆ. ಲಂಡನ್ನಿನ ಮುಖ್ಯ ಕಚೇರಿಗೆ ಇಲ್ಲಿಂದ ಹೋದ ಪತ್ರಗಳು, ವರದಿಗಳು ಈಗ ಅದೇ ಊರಿನ ಸೋವಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಎರಡು ಎಚ್ಚರಿಕೆಗಳು. ದೀಕ್ಷಾಸ್ನಾನದಲ್ಲಿ ಹೆಸರು ಬದಲಾಗುತ್ತಿದ್ದುದರಿಂದ ಮನೆಯಲ್ಲಿ ಕೇಳಿದ ಹೆಸರೊಂದನ್ನೇ ಹಿಡಿದು ಹುಡುಕಬೇಡಿ. ಮುನಿಯಮ್ಮ ರಿಜಿಸ್ಟರಿನಲ್ಲಿ ಮಾರ್ಥಳಾಗಿರಬಹುದು. ಅನಾಥ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಹೆಸರಿನ ಕಾಲಂ ಖಾಲಿ ಇದ್ದರೆ ಅದು ನಿಮ್ಮ ಹುಡುಕಾಟದ ತಪ್ಪಲ್ಲ. ಅಂಥ ಕಡೆ ಮದುವೆಯ ರಿಜಿಸ್ಟರು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆ ವೇಳೆಗೆ ಆಕೆಗೊಂದು ಊರು, ಕೆಲಸ ಇರುತ್ತದೆ. ಕೆಲವೊಮ್ಮೆ ಹೆಬ್ಬೆಟ್ಟಿನ ಬದಲು ಕನ್ನಡದಲ್ಲಿ ಆಕೆಯದೇ ರುಜು ಇರುತ್ತದೆ.